ಶಿಕ್ಷೆ ಮುಗಿಸಿ ಬಂದವನು ಎಲ್ಲಿರಬೇಕು? ಊರಿನ ಮುಂದಿರುವ ದಾರಿಗಳ ಹೋಲಿಕೆ

ನಮ್ಮೂರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಎಂಟು ಜನ ಬಂದರೆ ಅದೇ ಜಾಸ್ತಿ. ಆ ದಿನ ಜಗಲಿ ತುಂಬಿ, ಕೆಲವರು ಅಂಗಳದಲ್ಲೇ ನಿಂತಿದ್ದರು. ಅಡಿಕೆ ಸುಲಿಯುವ ಕಾಲ. ಎಷ್ಟೋ ಜನರ ಕೈ ಮೇಲಿನ ಕರೆ ಹಾಗೇ ಇತ್ತು. ವಿಷಯ ಒಂದೇ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿ ಪೋಕ್ಸೋ ಕಾಯ್ದೆಯಡಿ ಶಿಕ್ಷೆಯಾದ ಒಬ್ಬ, ಜೈಲಿನಿಂದ ಬಿಡುಗಡೆಯಾಗಿ ಅಣ್ಣನ ಮನೆಗೆ ಬರುತ್ತಾನಂತೆ ಅನ್ನುವ ಸುದ್ದಿ.

"ಅಮೆರಿಕದಲ್ಲಿ ಶಾಲೆಯಿಂದ ಎರಡು ಸಾವಿರ ಅಡಿ ಒಳಗೆ ಇಂಥೋರು ಮನೆ ಮಾಡೋ ಹಾಗೇ ಇಲ್ವಂತೆ ಮಾರಾಯ್ರೆ. ನಾವೂ ಪಂಚಾಯ್ತಿಲಿ ಒಂದು ಠರಾವು ಮಾಡಿಸೋಣ" ಅಂದರು ಒಬ್ಬರು. "ಠರಾವು ಎಂತಕ್ಕೆ? ಗಡೀಪಾರೇ ಮಾಡಿಸಿ" ಅಂದರು ಇನ್ನೊಬ್ಬರು. ಬಸ್‌ ಸ್ಟ್ಯಾಂಡಿನಲ್ಲಿ ಫೋಟೋ ಹಾಕಬೇಕು ಅನ್ನುವ ಮಾತೂ ಬಂತು. ಅಕ್ಕೋರು ಮಾತ್ರ ಹಾಜರಿ ಪುಸ್ತಕದ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದರು.

ಆ ಸಿಟ್ಟು ನನ್ನದೂ ಆಗಿತ್ತು. ನನಗೂ ಅದೇ ಶಾಲೆಗೆ ಹೋಗುವ ಮಗಳಿದ್ದಾಳೆ. ಆದರೆ ಸಿಟ್ಟಿನಲ್ಲಿ ಆರಿಸಿದ ದಾರಿ ಮಕ್ಕಳನ್ನು ಕಾಯುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ. ಆಮೇಲಿನ ದಿನಗಳಲ್ಲಿ ಓದಿ, ವಕೀಲರನ್ನೂ ಪೊಲೀಸರನ್ನೂ ಕೇಳಿ ತಿಳಿದದ್ದನ್ನು ಇಲ್ಲಿ ಇಡುತ್ತಿದ್ದೇನೆ. ಇದೇ ಗೊಂದಲ ನಾಳೆ ಇನ್ನೊಂದು ಊರಿಗೆ, ಶಿವಮೊಗ್ಗದ ಯಾವುದೋ ಬಡಾವಣೆಗೆ ಬರಬಹುದು. ಯಾರ ಗುರುತೂ ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಮೊದಲು ಅಳೆಯುವ ಕೋಲು

ಯಾವ ದಾರಿಯನ್ನು ನೋಡುವಾಗಲೂ ನಾನು ಕೇಳಿಕೊಂಡದ್ದು ಐದು ಪ್ರಶ್ನೆ. ಮಕ್ಕಳಿಗೆ ಹಾನಿ ನಿಜವಾಗಿ ಆಗುವ ರೀತಿಗೂ ಈ ನಿಯಮಕ್ಕೂ ಸಂಬಂಧ ಇದೆಯಾ? ಇದರಿಂದ ಆ ಮನುಷ್ಯ ಎಲ್ಲಿದ್ದಾನೆ ಅಂತ ಹೆಚ್ಚು ಗೊತ್ತಾಗುತ್ತದಾ, ಕಡಿಮೆಯಾ? ಮೊದಲೇ ನೊಂದ ಮಗುವಿಗೆ ಇದರಿಂದ ನೆಮ್ಮದಿಯಾ, ಇನ್ನೊಂದು ಪೆಟ್ಟಾ? ಕಾನೂನು ಒಪ್ಪುತ್ತದಾ? ಇದನ್ನು ಮಾಡುವವರು ಯಾರು, ಎಷ್ಟು ದುಡ್ಡು, ಎಷ್ಟು ಹೊತ್ತು?

ಮೊದಲನೆಯದೇ ಮುಖ್ಯ. ನಮ್ಮ ಮನಸ್ಸಿನಲ್ಲಿರುವ ಚಿತ್ರ, ಶಾಲೆ ಗೇಟಿನ ಹತ್ತಿರ ನಿಂತ ಗುರುತಿಲ್ಲದ ಮನುಷ್ಯನದು. ಲೆಕ್ಕ ಬೇರೆ ಹೇಳುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಅಂಕಿಗಳಲ್ಲಿ ವರ್ಷ ವರ್ಷವೂ ಅತ್ಯಾಚಾರ ಪ್ರಕರಣಗಳ 90%ಕ್ಕೂ ಹೆಚ್ಚು ಕಡೆ ಆರೋಪಿ ಗೊತ್ತಿದ್ದವನೇ. ಮನೆಯವನು, ನೆಂಟ, ಪಕ್ಕದ ಮನೆಯವನು, ಪರಿಚಯದವನು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ಹಾನಿ ಮಾಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದವರು. ಅಮೆರಿಕದ ನ್ಯಾಯ ಇಲಾಖೆಯ ಹಳೆಯ ಲೆಕ್ಕದಲ್ಲೂ ಪೊಲೀಸರಿಗೆ ವರದಿಯಾದ ಮಕ್ಕಳ ಪ್ರಕರಣಗಳಲ್ಲಿ ಪೂರ್ತಿ ಅಪರಿಚಿತರ ಪಾಲು 7% ಮಾತ್ರ.

ಅಂದರೆ ಮಗುವಿನ ಹತ್ತಿರ ಬರಲು ಅವನಿಗೆ ಬೇಕಾದದ್ದು ನಂಬಿಕೆ ಮತ್ತು ಒಂಟಿ ಹೊತ್ತು. ಶಾಲೆಯ ಪಕ್ಕದಲ್ಲೊಂದು ಮನೆ ಬೇಕಂತಿಲ್ಲ. ಕೆಳಗಿನ ಒಂದೊಂದು ದಾರಿಯನ್ನೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ನೋಡಿ.

ದೂರದ ನಿಯಮ

ಶಾಲೆ, ಅಂಗನವಾಡಿಯಿಂದ ಇಷ್ಟು ಅಡಿ ಒಳಗೆ ವಾಸ ಮಾಡಬಾರದು ಅನ್ನುವ ನಿಯಮ ಅಮೆರಿಕದ ಹಲವು ರಾಜ್ಯಗಳಲ್ಲಿ, ಊರುಗಳಲ್ಲಿ ಇದೆ. ಫ್ಲಾರಿಡಾ 1995ರಲ್ಲೇ 1,000 ಅಡಿಯ ನಿಯಮ ತಂದಿತು. ಅಯೋವಾ ರಾಜ್ಯ 2002ರಲ್ಲಿ 2,000 ಅಡಿ ಮಾಡಿತು. ನಮ್ಮ ಲೆಕ್ಕದಲ್ಲಿ ಸುಮಾರು 610 ಮೀಟರು.

ಇಪ್ಪತ್ತು ವರ್ಷಕ್ಕೂ ಹೆಚ್ಚಿನ ಅನುಭವ ಅವರಲ್ಲಿದೆ. ಅದನ್ನು ನೋಡದೆ ನಾವು ಠರಾವು ಬರೆಯುವುದು ಸರಿಯಲ್ಲ.

ಅಯೋವಾದಲ್ಲಿ ಕೋರ್ಟಿನ ತಕರಾರು 2005ರಲ್ಲಿ ಮುಗಿದು ನಿಯಮ ಬಿಗಿಯಾಗಿ ಜಾರಿಗೆ ಬಂತು. ಕೆಲವೇ ತಿಂಗಳಲ್ಲಿ, ವಿಳಾಸವೇ ಗೊತ್ತಿಲ್ಲದ ಅಪರಾಧಿಗಳ ಸಂಖ್ಯೆ ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ಬಾಡಿಗೆಗೆ ಮನೆ ಸಿಗದವರು ಕಾರಿನಲ್ಲಿ ಮಲಗಿದರು, ಸುಳ್ಳು ವಿಳಾಸ ಕೊಟ್ಟರು, ಕಾಣೆಯಾದರು. ಈ ನಿಯಮ ಬೇಡ ಅಂತ 2006ರಲ್ಲಿ ಹೇಳಿದವರು ಅಪರಾಧಿಗಳ ಪರ ವಕೀಲರಲ್ಲ, ಅಲ್ಲಿನ ಸರ್ಕಾರಿ ವಕೀಲರ ಸಂಘವೇ. 2009ರಲ್ಲಿ ರಾಜ್ಯ ಕಾನೂನು ಬದಲಿಸಿತು. ದೂರದ ನಿಯಮವನ್ನು ತುಂಬಾ ಗಂಭೀರ ಅಪರಾಧದವರಿಗಷ್ಟೇ ಉಳಿಸಿ, ಶಾಲೆಯ ಆವರಣಕ್ಕೆ ಕಾಲಿಡುವುದನ್ನೇ ತಡೆಯುವ ಕಡೆಗೆ ಹೋಯಿತು. ರಾತ್ರಿ ಎಲ್ಲಿ ಮಲಗುತ್ತಾನೆ ಅನ್ನುವುದಕ್ಕಿಂತ ಹಗಲು ಎಲ್ಲಿ ಹೋಗುತ್ತಾನೆ ಅನ್ನುವುದನ್ನು ನೋಡಬೇಕು ಅಂತ ಅವರೇ ಕಲಿತುಕೊಂಡರು.

ಮಿನ್ನೆಸೋಟಾ ರಾಜ್ಯದ ಬಂದೀಖಾನೆ ಇಲಾಖೆ 2007ರಲ್ಲಿ ಮಾಡಿದ ಅಧ್ಯಯನ ನನಗೆ ಎಲ್ಲಕ್ಕಿಂತ ಬಲವಾಗಿ ಕಂಡಿತು. ಬಿಡುಗಡೆಯಾದ ಮೇಲೆ ಮತ್ತೆ ಲೈಂಗಿಕ ಅಪರಾಧ ಮಾಡಿ ಜೈಲಿಗೆ ಬಂದ 224 ಜನರ ಕಡತಗಳನ್ನು ಅವರು ಒಂದೊಂದಾಗಿ ನೋಡಿದರು. ದೂರದ ನಿಯಮ ಇದ್ದಿದ್ದರೆ ಇದರಲ್ಲಿ ಎಷ್ಟು ಅಪರಾಧ ತಪ್ಪುತ್ತಿತ್ತು? ಒಂದೂ ಇಲ್ಲ. ಹೆಚ್ಚಿನವರು ಮಕ್ಕಳ ಹತ್ತಿರ ಹೋದದ್ದು ಮಗುವಿನ ತಾಯಿಯ ಸ್ನೇಹದಿಂದಲೋ ಇನ್ಯಾವುದೋ ಪರಿಚಯದಿಂದಲೋ.

ಮಯಾಮಿಯ ಜಿಲ್ಲಾಡಳಿತ 2005ರಲ್ಲಿ 2,500 ಅಡಿ ಮಾಡಿತು. ಊರೊಳಗೆ ಜಾಗವೇ ಉಳಿಯಲಿಲ್ಲ. ಹತ್ತಾರು ಅಪರಾಧಿಗಳು ಜೂಲಿಯಾ ಟಟಲ್ ಅನ್ನುವ ಸೇತುವೆಯ ಕೆಳಗೆ ಡೇರೆ ಹಾಕಿ ವರ್ಷಗಟ್ಟಲೆ ಇದ್ದರು. ಕ್ಯಾಲಿಫೋರ್ನಿಯಾದ ಜನ 2006ರಲ್ಲಿ ಮತ ಹಾಕಿ 2,000 ಅಡಿಯ ನಿಯಮ ತಂದರು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಸ್ಯಾನ್ ಡಿಯೇಗೊ ಜಿಲ್ಲೆಯಲ್ಲಿ ಪರೋಲಿನ ಮೇಲಿರುವ ಎಲ್ಲರಿಗೂ ಇದನ್ನು ಕಣ್ಣುಮುಚ್ಚಿ ಹಾಕುವಂತಿಲ್ಲ ಅಂದಿತು. ಬೀದಿಗೆ ಬಿದ್ದವರ ಮೇಲೆ ನಿಗಾ ಇಡುವುದೇ ಕಷ್ಟವಾಗಿತ್ತು.

ಈಗ ನಮ್ಮಲ್ಲಿಗೆ ಬನ್ನಿ. ಶಿವಮೊಗ್ಗದ ದುರ್ಗಿಗುಡಿ, ಗಾಂಧಿ ಬಜಾರ್, ವಿನೋಬನಗರದಲ್ಲಿ ಪ್ರತಿ ಶಾಲೆ, ಪ್ರತಿ ಅಂಗನವಾಡಿಯ ಸುತ್ತ 610 ಮೀಟರಿನ ವೃತ್ತ ಎಳೆದರೆ ಒಂದರ ಮೇಲೊಂದು ಬಿದ್ದು ಜಾಗವೇ ಉಳಿಯುವುದಿಲ್ಲ. ಹಳ್ಳಿಯಲ್ಲಿ ಏನಾಗುತ್ತದೆ ಅಂತ ನಾನೇ ನೋಡಿದೆ. ಶಾಲೆಯ ಆಫೀಸಿನಲ್ಲಿ ಊರಿನ ನಕ್ಷೆ ಇದೆ. ಏಳನೇ ಕ್ಲಾಸಿನ ಹುಡುಗನ ಕೈವಾರ ಇಸಕೊಂಡು, ಅಳತೆ ಹಿಡಿದು ಪೆನ್ಸಿಲಿನಲ್ಲಿ ವೃತ್ತ ಎಳೆದೆ. ಶಾಲೆ, ಅಂಗನವಾಡಿ, ಸೊಸೈಟಿ, ದೇವಸ್ಥಾನ, ಒತ್ತಾಗಿರುವ ಕೇರಿ ಎಲ್ಲ ಒಳಗೆ ಬಂದವು. ಹೊರಗೆ ಉಳಿದದ್ದು ಐದು ಮನೆ. ಐದೂ ಒಂಟಿ ಮನೆ. ಸುತ್ತ ತೋಟ, ಹಿಂದೆ ಕಾಡು, ಕೂಗಿದರೆ ಕೇಳುವಷ್ಟು ಹತ್ತಿರ ಇನ್ನೊಂದು ಮನೆಯಿಲ್ಲ. ಮಲೆನಾಡಿನಲ್ಲಿ ದೂರದ ನಿಯಮ ಅಂದರೆ ನಾಲ್ಕು ಜನರ ಕಣ್ಣಿರುವ ಕೇರಿಯಿಂದ ತೆಗೆದು, ಯಾರ ಕಣ್ಣೂ ಬೀಳದ ಕಡೆ ಅವನನ್ನು ಇಟ್ಟ ಹಾಗೆ.

ಇನ್ನೂ ಒಂದು ಕಂಡಿತು. ಆ ಅಣ್ಣನ ಮನೆ ಆ ಐದರಲ್ಲೊಂದು. ನಿಯಮದ ಪ್ರಕಾರ ಅವನು ಅಲ್ಲಿ ಧಾರಾಳವಾಗಿ ಇರಬಹುದು. ಆದರೆ ನೊಂದ ಮಗು ದಿನಾ ಶಾಲೆಗೆ ಹೋಗುವ ಕಾಲುದಾರಿ ಆ ಮನೆಯ ದಣಪೆಯ ಮುಂದೆಯೇ ಹಾದು, ಹಳ್ಳದ ಸಂಕ ದಾಟಿ ಹೋಗುತ್ತದೆ. ನಾನು ಪೆನ್ಸಿಲ್ ಕೆಳಗಿಟ್ಟೆ. ಶಾಲೆಯಿಂದ ಅಳೆಯುವುದು ತಪ್ಪು ಅಂತ ನನಗೆ ಗಟ್ಟಿಯಾದದ್ದು ಅಲ್ಲೇ. ಅಳೆಯುವುದಿದ್ದರೆ ನೊಂದ ಮಗುವಿನಿಂದ ಅಳೆಯಬೇಕು. ದೂರಕ್ಕೆ ನಿಜವಾದ ಬೆಲೆ ಇರುವುದು ಅದೊಂದು ಕಡೆ.

ಕಾನೂನಿನ ಮಾತೂ ಸೇರಿಸುತ್ತೇನೆ. ದೇಶದ ಯಾವ ಭಾಗದಲ್ಲಾದರೂ ವಾಸಿಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಅದಕ್ಕೆ ಮಿತಿ ಹಾಕಲು ಕಾನೂನು ಬೇಕು. ಗ್ರಾಮ ಪಂಚಾಯ್ತಿಯ ಠರಾವು ಸಾಲುವುದಿಲ್ಲ.

ಗಡೀಪಾರು

ಕರ್ನಾಟಕ ಪೊಲೀಸ್ ಕಾಯ್ದೆ, 1963ರಲ್ಲಿ ಇದಕ್ಕೆ ಅವಕಾಶ ಇದೆ. ನಮ್ಮಂಥ ಜಿಲ್ಲೆಗಳಲ್ಲಿ ಪೊಲೀಸರ ವರದಿಯ ಮೇಲೆ ಸಾಮಾನ್ಯವಾಗಿ ಉಪವಿಭಾಗಾಧಿಕಾರಿ ಆದೇಶ ಮಾಡುತ್ತಾರೆ. ಅವನ ಮಾತನ್ನೂ ಕೇಳಬೇಕು. ಅವಧಿ ಹೆಚ್ಚೆಂದರೆ ಎರಡು ವರ್ಷ. ಬಿಡುಗಡೆಯಾದ ಮೇಲೂ ಬೆದರಿಸುತ್ತಿದ್ದಾನೆ, ಸಾಕ್ಷಿ ಹೇಳಿದವರ ಮೇಲೆ ಹಗೆ ಸಾಧಿಸುತ್ತಿದ್ದಾನೆ ಅಂತಾದರೆ ಇದು ಕೆಲಸಕ್ಕೆ ಬರುತ್ತದೆ. ಬರೀ ಸಿಟ್ಟಿಗೆ ಇದು ಮದ್ದಲ್ಲ. ತೀರ್ಥಹಳ್ಳಿಯಿಂದ ಹೋದವನು ಹೊಸನಗರದಲ್ಲೋ ಕೊಪ್ಪದಲ್ಲೋ ಇರುತ್ತಾನೆ. ಅಲ್ಲಿಯ ಮಕ್ಕಳಿಗೆ ಅವನು ಹೊಸಬ, ಅವನ ಕತೆ ಯಾರಿಗೂ ಗೊತ್ತಿಲ್ಲ. ನಮ್ಮ ಮಕ್ಕಳ ಭಯವನ್ನು ಪಕ್ಕದ ತಾಲ್ಲೂಕಿಗೆ ಕಳಿಸಿದ್ದಷ್ಟೇ ಆಗುತ್ತದೆ.

ಹೆಸರು, ಫೋಟೋ ಬಹಿರಂಗ ಮಾಡುವುದು

ಇದರಲ್ಲಿ ಮೂರು ಮಾದರಿಗಳಿವೆ. ಅಮೆರಿಕದಲ್ಲಿ 1996ರ ಕಾನೂನಿನಿಂದ ಪಟ್ಟಿ ಜನರಿಗೇ ಸಿಗುತ್ತದೆ. ನಮ್ಮ ದೇಶದಲ್ಲಿ 2018ರ ಸೆಪ್ಟೆಂಬರ್ 20ರಂದು ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಶುರುವಾಯಿತು. ಶುರುವಿಗೇ ಅದರಲ್ಲಿ 4.4 ಲಕ್ಷ ದಾಖಲೆ ಇದ್ದವು. ಆದರೆ ಅದನ್ನು ನೋಡುವುದು ಪೊಲೀಸರು ಮತ್ತು ತನಿಖೆಯವರು ಮಾತ್ರ. ಬ್ರಿಟನ್ನಿನದು ನಡುವಿನ ದಾರಿ. 2008ರಲ್ಲಿ ಕೆಲವು ಕಡೆ ಪ್ರಯೋಗ ಮಾಡಿ ಆಮೇಲೆ ಇಂಗ್ಲೆಂಡ್, ವೇಲ್ಸ್ ಪೂರ್ತಿ ತಂದರು. ನನ್ನ ಮಗುವಿನ ಹತ್ತಿರ ಓಡಾಡುವ ಇಂಥವನ ಬಗ್ಗೆ ಏನಾದರೂ ಇದೆಯಾ ಅಂತ ಯಾರಾದರೂ ಪೊಲೀಸರನ್ನು ಕೇಳಬಹುದು. ಅಪಾಯ ಇದೆ ಅನ್ನಿಸಿದರೆ ಪೊಲೀಸರು ಮಗುವನ್ನು ಕಾಪಾಡಬೇಕಾದವರಿಗೆ ಮಾತ್ರ ಹೇಳುತ್ತಾರೆ. ಅದನ್ನು ಊರಿಗೆ ಹೇಳುವಂತಿಲ್ಲ.

ನನ್ನ ಮನಸ್ಸು ಬ್ರಿಟನ್ನಿನ ಮಾದರಿಯ ಕಡೆಗಿದೆ. ಕಾರಣ ನಮ್ಮ ಊರುಗಳ ಗಾತ್ರ. ಐವತ್ತು ಮನೆಯ ಊರಿನಲ್ಲಿ ಅವನ ಫೋಟೋ ಬಸ್‌ ಸ್ಟ್ಯಾಂಡಿನಲ್ಲಿ ಹಾಕಿದರೆ, ಮಗು ಯಾರು ಅನ್ನುವುದನ್ನೂ ಹಾಕಿದ ಹಾಗೆ. ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಗುರುತು ಬಯಲು ಮಾಡುವುದನ್ನು ತಡೆಯುತ್ತದೆ. ಅಪರಾಧಿ ಮಾವನೋ ಚಿಕ್ಕಪ್ಪನೋ ಆಗಿದ್ದರಂತೂ ಕೇಳುವುದೇ ಬೇಡ. ಮನೆಯವನ ಹೆಸರು ಬೋರ್ಡಿಗೆ ಬರುತ್ತದೆ ಅಂತ ಗೊತ್ತಾದರೆ, ಮುಂದೆ ದೂರು ಕೊಡಬೇಕಾದ ಅಮ್ಮ ಬಾಯಿ ಮುಚ್ಚಿಕೊಳ್ಳುತ್ತಾಳೆ. ವಾಟ್ಸಾಪಿನಲ್ಲಿ ಫೋಟೋ ಓಡಿಸುವವರು ದಯವಿಟ್ಟು ಇದನ್ನು ಯೋಚಿಸಿ.

ಒಬ್ಬೊಬ್ಬನಿಗೆ ತಕ್ಕ ಷರತ್ತು

ಕೆಲಸ ಹೆಚ್ಚು, ಸದ್ದು ಕಡಿಮೆ. ಆದರೆ ಮೇಲಿನ ಐದು ಪ್ರಶ್ನೆಗೆ ಹೆಚ್ಚು ಚೆನ್ನಾಗಿ ಉತ್ತರ ಕೊಡುವುದು ಇದೇ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 394ನೇ ಸೆಕ್ಷನ್ ಬಗ್ಗೆ ಸಭೆಯಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ. ಇದಕ್ಕೆ ಮೊದಲಿದ್ದ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ (ಸಿಆರ್‌ಪಿಸಿ) ಇಂಥದ್ದೇ ಇತ್ತು. ಮೂರು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧದಲ್ಲಿ ಒಮ್ಮೆ ಶಿಕ್ಷೆಯಾದವನು ಅಷ್ಟೇ ಶಿಕ್ಷೆಯ ಇನ್ನೊಂದು ಅಪರಾಧದಲ್ಲಿ ಮತ್ತೆ ಶಿಕ್ಷೆಗೊಳಗಾದರೆ, ಬಿಡುಗಡೆಯ ನಂತರ ಐದು ವರ್ಷದವರೆಗೆ ಅವನ ವಿಳಾಸ, ವಿಳಾಸದ ಬದಲಾವಣೆ ತಿಳಿಸಬೇಕು ಅಂತ ಕೋರ್ಟು ಆದೇಶ ಮಾಡಬಹುದು. ಎಲ್ಲಿ ಇರಬಾರದು ಅಂತ ಇದು ಹೇಳುವುದಿಲ್ಲ, ಎಲ್ಲಿದ್ದಾನೆ ಅಂತ ಗೊತ್ತಿರಬೇಕು ಅನ್ನುತ್ತದೆ. ಕೊರತೆ ಅಂದರೆ, ಇದು ಎರಡನೇ ಸಲ ಶಿಕ್ಷೆಯಾದವರಿಗೆ ಮಾತ್ರ. ಶಿಕ್ಷೆ ಹೇಳುವಾಗಲೇ ಸರ್ಕಾರಿ ವಕೀಲರು ಇದನ್ನು ಕೋರ್ಟಿನ ಗಮನಕ್ಕೆ ತರುವುದು ಒಳ್ಳೆಯದು.

ಜಾಮೀನು, ಪರೋಲು, ಅವಧಿಗೆ ಮೊದಲಿನ ಬಿಡುಗಡೆ ಆದರೆ ಅಲ್ಲಿ ಷರತ್ತು ಹಾಕಲು ಜಾಗ ಇದೆ. ನೊಂದ ಮಗು ಇರುವ ಊರಿಗೆ ಬರಬಾರದು, ಆ ಕುಟುಂಬವನ್ನು ಸಂಪರ್ಕಿಸಬಾರದು, ಠಾಣೆಗೆ ಹಾಜರಿ ಹಾಕಬೇಕು, ಹೀಗೆ. ಪೂರ್ತಿ ಶಿಕ್ಷೆ ಮುಗಿಸಿದವನಿಗೆ ಅಂಥ ಹಿಡಿತ ಕಡಿಮೆ. ಆಗಲೂ ಕೈ ಖಾಲಿಯಿಲ್ಲ. ಲೈಂಗಿಕ ಉದ್ದೇಶದಿಂದ ಮಗುವನ್ನು ಪದೇ ಪದೇ ಹಿಂಬಾಲಿಸುವುದು, ನೋಡುತ್ತಾ ನಿಲ್ಲುವುದು, ಸಂಪರ್ಕಿಸುವುದು ಪೋಕ್ಸೋದಲ್ಲಿ ಬೇರೆಯೇ ಅಪರಾಧ. ದಣಪೆಯ ಹತ್ತಿರ ದಿನಾ ಕಾಯುತ್ತಾನೆ ಅಂದರೆ ಅದು ಸಣ್ಣ ವಿಷಯ ಅಲ್ಲ. ದಿನ, ಹೊತ್ತು ಬರೆದಿಟ್ಟು ದೂರು ಕೊಡಿ. ಇದಕ್ಕೆ ಖರ್ಚಾಗುವುದು ದುಡ್ಡಲ್ಲ, ಓಡಾಟ.

ಜೊತೆಗಿದ್ದು ಕಾಯುವುದು

ಆಮೇಲಿನ ಇನ್ನೊಂದು ಸಭೆಯಲ್ಲಿ ಇದನ್ನು ಹೇಳಿದಾಗ ಕೆಲವರು ಎದ್ದೇ ಹೋದರು. ಅವರ ನೋವು ನನಗೆ ಅರ್ಥ ಆಗುತ್ತದೆ. ಆದರೂ ಹೇಳಬೇಕು.

ಕೆನಡಾದ ಹ್ಯಾಮಿಲ್ಟನ್ ಊರಿನಲ್ಲಿ 1994ರಲ್ಲಿ ಒಂದು ಚರ್ಚಿನವರು ಇದನ್ನು ಶುರು ಮಾಡಿದರು. ಬಿಡುಗಡೆಯಾದವನ ಸುತ್ತ ತರಬೇತಿ ಪಡೆದ ನಾಲ್ಕೈದು ಸ್ವಯಂಸೇವಕರು. ವಾರ ವಾರ ಭೇಟಿ. ಮನೆ, ಕೆಲಸ ಹುಡುಕಲು ನೆರವು. ಜೊತೆಗೆ ಮುಲಾಜಿಲ್ಲದ ಪ್ರಶ್ನೆಗಳು: ನಿನ್ನೆ ಎಲ್ಲಿದ್ದೆ, ಯಾರ ಜೊತೆ ಇದ್ದೆ, ಆ ಮನೆಗೆ ಎಂತಕ್ಕೆ ಹೋದೆ? ಮಿನ್ನೆಸೋಟಾದಲ್ಲಿ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿದರು. 2018ರಲ್ಲಿ ಬಂದ ಫಲಿತಾಂಶದ ಪ್ರಕಾರ, ಮತ್ತೆ ಲೈಂಗಿಕ ಅಪರಾಧಕ್ಕೆ ಬಂಧನವಾಗುವ ಅಪಾಯ ಇಂಥ ಬಳಗ ಇದ್ದವರಲ್ಲಿ 88% ಕಡಿಮೆ. ಗುಂಪುಗಳು ಚಿಕ್ಕವು, ಆದ್ದರಿಂದ ಆ ಅಂಕಿಯನ್ನೇ ಗಟ್ಟಿ ಹಿಡಿಯಬೇಡಿ. ಆದರೆ ಅದು ತೋರಿಸುವ ದಿಕ್ಕು ಸ್ಪಷ್ಟ. ಕೆಲಸ, ಸೂರು, ಕೇಳುವವರು ಇಲ್ಲದವನು ಹೆಚ್ಚು ಅಪಾಯ.

ಇಂಥವರೆಲ್ಲ ಮತ್ತೆ ಮಾಡೇ ಮಾಡುತ್ತಾರೆ ಅನ್ನುವ ಮಾತನ್ನೂ ಪರೀಕ್ಷಿಸಿ. 61 ಅಧ್ಯಯನಗಳನ್ನು ಒಟ್ಟು ಸೇರಿಸಿ 1998ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ನಾಲ್ಕೈದು ವರ್ಷದೊಳಗೆ ಮತ್ತೆ ಲೈಂಗಿಕ ಅಪರಾಧಕ್ಕೆ ಸಿಕ್ಕಿಬಿದ್ದವರು ಸುಮಾರು 13%. ಸಿಕ್ಕಿಬೀಳದವರು ಇರುತ್ತಾರೆ, ನಿಜ. ಎಚ್ಚರ ಬೇಕೇ ಬೇಕು. ಆದರೆ ಎಲ್ಲರೂ ಒಂದೇ ಅಲ್ಲ.

ನಮ್ಮಲ್ಲಿ ಇದನ್ನು ಯಾರೋ ಒಬ್ಬರು ಹಾಗೇ ಶುರು ಮಾಡಲು ಆಗುವುದಿಲ್ಲ. ತರಬೇತಿ ಬೇಕು, ಪೊಲೀಸರ ಜೊತೆ ಸಂಪರ್ಕ ಬೇಕು. ನೊಂದ ಕುಟುಂಬದವರನ್ನು ಇದಕ್ಕೆ ಎಳೆಯಲೇಬಾರದು.

ಶಾಲೆ, ಮನೆಯ ಬಾಗಿಲು ಭದ್ರ ಮಾಡುವುದು

ಇನ್ನೂ ಸಿಕ್ಕಿಬೀಳದವನಿಗೂ ಅನ್ವಯಿಸುವುದು ಇದೊಂದೇ. ಅವನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. 2020ರ ಪೋಕ್ಸೋ ನಿಯಮಗಳ ಪ್ರಕಾರ ಮಕ್ಕಳ ಜೊತೆ ಕೆಲಸ ಮಾಡುವ ಪ್ರತಿ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಆಗಾಗ ಮಾಡಿಸಬೇಕು. ಕಾಯಂ ಇರಲಿ, ಗುತ್ತಿಗೆ ಇರಲಿ, ಪಾಠ ಮಾಡುವವರಿರಲಿ, ಇಲ್ಲದಿರಲಿ. ವ್ಯಾನು ಓಡಿಸುವವರನ್ನೂ ಬಿಡಬೇಡಿ. ನಿಮ್ಮ ಶಾಲೆಯಲ್ಲಿ ಆಗಿದೆಯಾ ಕೇಳಿ. ಗೊತ್ತಿದ್ದೂ ದೂರು ಕೊಡದಿರುವುದು ಕೂಡ ಅಪರಾಧ ಅಂತ ಶಾಲೆಯವರಿಗೆ ನೆನಪಿಸಿ.

ಮನೆಯಲ್ಲಿ ಮಾಡುವುದು ಇನ್ನೂ ಇದೆ. ಸುಗ್ಗಿಯಲ್ಲಿ ಅಡಿಕೆ ಸುಲಿಯುತ್ತಾ ದೊಡ್ಡವರೆಲ್ಲ ಚಪ್ಪರದಲ್ಲಿ ಕೂತಾಗ ಮಕ್ಕಳು ಒಳಗೆ ಎಲ್ಲೋ ಮಲಗಿರುತ್ತಾರೆ. ಯಾರ ಜೊತೆ, ಯಾವ ಕೋಣೆಯಲ್ಲಿ ಅಂತ ನಾವು ಕೇಳುತ್ತೇವಾ? ನಾನು ಕೇಳುತ್ತಿರಲಿಲ್ಲ. ಹೊರಗಿಂದ ಬಂದ ಕೂಲಿಯವರ ಮೇಲೆ ಕಣ್ಣಿಟ್ಟು, ಮನೆಗೆ ಬಂದ ನೆಂಟನನ್ನು ಮರೆಯುವುದು ನಮ್ಮ ದೊಡ್ಡ ತಪ್ಪು. ಮಕ್ಕಳ ಸಹಾಯವಾಣಿ 1098 ನಂಬರು ಮಗುವಿಗೇ ಬಾಯಿಪಾಠ ಇರಲಿ. ಖರ್ಚು ಸೊನ್ನೆ.

ಯಾರಿಗೆ ಯಾವುದು?

ಇಪ್ಪತ್ತು ಮಕ್ಕಳ ಹಳ್ಳಿ ಶಾಲೆಗೆ ದುಡ್ಡಿಲ್ಲ, ಹೊತ್ತೂ ಇಲ್ಲ. ಅಲ್ಲಿ ನಾನು ಮೊದಲು ಸಿಬ್ಬಂದಿಯ ಪರಿಶೀಲನೆ, ಮಕ್ಕಳು ಗುಂಪಾಗಿ ಹೋಗಿಬರುವ ವ್ಯವಸ್ಥೆ, ಬೀಟ್ ಪೊಲೀಸರ ಫೋನ್ ನಂಬರು ಇಷ್ಟನ್ನು ಇಟ್ಟುಕೊಳ್ಳುತ್ತೇನೆ. ಮಕ್ಕಳ ಗ್ರಾಮಸಭೆಯಲ್ಲಿ ಯಾವ ದಾರಿಯಲ್ಲಿ ಹೆದರಿಕೆ ಆಗುತ್ತದೆ ಅಂತ ಮಕ್ಕಳನ್ನೇ ಕೇಳಿ. ಅವರು ಹೇಳುತ್ತಾರೆ.

ಶಿವಮೊಗ್ಗದ ಬಡಾವಣೆಯಲ್ಲಿ ಮನೆ ಬಾಡಿಗೆಗೆ ಕೊಡುವವರಿಗೆ ನನ್ನ ಮಾತು ಇಷ್ಟು. ಅದೇ ವಠಾರದಲ್ಲಿ ಚಿಕ್ಕ ಮಕ್ಕಳಿದ್ದು, ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರೆ ಕೊಡಬೇಡಿ. ದೊಡ್ಡವರೇ ಇರುವ, ಎದುರು ಅಂಗಡಿ ಇರುವ, ಓಡಾಟ ಇರುವ ಕಡೆ ಒಂದು ರೂಮು, ಠಾಣೆಗೆ ತಿಳಿದ ವಿಳಾಸ, ದಿನದ ಕೆಲಸ ಇದ್ದರೆ ಅದು ಕಾಡಿನ ಅಂಚಿನ ಒಂಟಿ ಮನೆಗಿಂತ ಎಷ್ಟೋ ಒಳ್ಳೆಯದು. ಶಾಲೆ ಮುನ್ನೂರು ಮೀಟರು ದೂರದಲ್ಲಿದ್ದರೂ ಸರಿ.

ಅವನು ವಾಪಸ್ ಬರುವುದು ನೊಂದ ಮಗು ಇರುವ ಮನೆಗೇ ಅಂತಾದರೆ ಬೇರೆ ಯಾವ ಹೋಲಿಕೆಯೂ ಬೇಡ. ಶಿವಮೊಗ್ಗದ ಮಕ್ಕಳ ಕಲ್ಯಾಣ ಸಮಿತಿಗೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅವತ್ತೇ ಹೇಳಿ.

ನಮ್ಮೂರಲ್ಲಿ ಠರಾವು ಆಗಲಿಲ್ಲ. ಇಬ್ಬರು ಹಿರಿಯರು ಅಣ್ಣನ ಮನೆಗೆ ಹೋಗಿ ದಾರಿಯ ವಿಷಯ ಹೇಳಿದರು. ಆ ಅಣ್ಣ ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, ಮಕ್ಕಳಿಲ್ಲದ ನೆಂಟರ ಮನೆಯೊಂದು ಪೇಟೆಯಲ್ಲಿದೆ, ಅಲ್ಲೇ ಕೆಲಸವೂ ಸಿಗುತ್ತದೆ, ಠಾಣೆಗೂ ತಾನೇ ತಿಳಿಸುತ್ತೇನೆ ಅಂದರಂತೆ.

ಸಭೆಯ ಮಾರನೇ ದಿನ ಸಂಜೆ ಆ ಮಗುವಿನ ತಾಯಿ ನಮ್ಮನೆಗೆ ಬಂದಿದ್ದರು. ಕಾಫಿ ಕುಡಿಯಲಿಲ್ಲ. "ಅಲ್ಲ, ಎಲ್ರೂ ಅವ್ನು ಎಲ್ಲಿರ್ಬೇಕು ಅಂತ ಮಾತಾಡ್ತಾರೆ. ಅವ್ನು ಹೊರಗೆ ಬರೋ ದಿನ ನಮಗೆ ಮೊದ್ಲೇ ಹೇಳ್ತಾರಾ? ದಾರೀಲಿ ಎದುರಿಗೆ ಸಿಕ್ಕಿದ್ಮೇಲೆ ಗೊತ್ತಾದ್ರೆ ಮಗು ಎಂತ ಮಾಡ್ಬೇಕು?" ಅಂದರು. ಅಷ್ಟು ಜನ ಸೇರಿದ ಸಭೆಯಲ್ಲಿ ಈ ಪ್ರಶ್ನೆ ಯಾರ ಬಾಯಲ್ಲೂ ಬಂದಿರಲಿಲ್ಲ. 2020ರ ನಿಯಮಗಳಲ್ಲಿ ಉತ್ತರ ಇದೆ. ಆರೋಪಿಯ ಅಥವಾ ಅಪರಾಧಿಯ ಜಾಮೀನು, ಬಿಡುಗಡೆಯ ವಿಷಯವನ್ನು ಮಗುವಿಗೂ ಮನೆಯವರಿಗೂ ಪೊಲೀಸರು ತಿಳಿಸಬೇಕು. ಅದನ್ನೇ ಹಿಡಿದು ಠಾಣೆಗೊಂದು, ಜೈಲಿನ ಅಧೀಕ್ಷಕರಿಗೊಂದು ಅರ್ಜಿ ಬರೆದೆವು. ಆ ತಾಯಿ ಎರಡು ಸಲ ಓದಿಸಿಕೊಂಡು ಕೇಳಿ, ತಮ್ಮ ಫೋನ್ ನಂಬರನ್ನು ತಾವೇ ಕೆಳಗೆ ಬರೆದರು.